ರೆಕ್ಕೆಯಂಚಿನ ಹುಳ ಓದುವ ಅತ್ತೆ

ಬೆಳಗಿನ ಐದೂ ಕಾಲು. ಹ್ಯಾಂಗರಿನ ಮುಂದೆ ನಾಲ್ಕು ಸೀಟಿನ ಪುಟ್ಟ ವಿಮಾನವೊಂದು ಒದ್ದೆ ಬಟ್ಟೆ ಹೊದ್ದು ನಿಂತಿದೆ. ಜ್ವರ ಬಂದ ಮಗುವಿನ ಹಣೆಗೆ ಪಟ್ಟಿ ಹಾಕಿದಂತೆ, ಎರಡೂ ರೆಕ್ಕೆಗಳ ಮುಂದಿನ ಅಂಚಿನ ಉದ್ದಕ್ಕೂ ಹಳೆಯ ಟವೆಲುಗಳ ಸಾಲು. ಪಕ್ಕದಲ್ಲಿ ಬಕೆಟ್ಟು ಮಗುಚಿ ಹಾಕಿಕೊಂಡು ಒಬ್ಬ ಹೆಂಗಸು ಕುಳಿತಿದ್ದಾರೆ. ವಯಸ್ಸು ಐವತ್ನಾಲ್ಕು. ಅವಸರವಿಲ್ಲ. ಟವೆಲು ಹತ್ತು ನಿಮಿಷ ಇರಬೇಕು, ಅಷ್ಟೆ.

"ನಿನ್ನೆ ಸಂಜೆಯ ಹುಳ. ಹಾರುವಾಗ ರೆಕ್ಕೆಗೆ ಬಡಿದು ಸತ್ತವು. ಒಣಗಿ ಅಂಟ್ಕೊಂಡಿವೆ" ಎನ್ನುತ್ತಾರೆ. "ಉಜ್ಜಿದ್ರೆ ಬಣ್ಣ ಕಿತ್ಕೊಂಡು ಬರುತ್ತೆ. ನೆನೆಸಿದ್ರೆ ತಾವೇ ಬರ್ತಾವೆ. ಮಕ್ಕಳ ಬಾಯಿಂದ ಗುಟ್ಟು ಬಿಡಿಸಿದ ಹಾಗೆ."

ಈ ಸಣ್ಣ ವಿಮಾನ ನಿಲ್ದಾಣದಲ್ಲಿ ಅವರನ್ನು ಎಲ್ಲರೂ ಕರೆಯುವುದು ಹುಳದಮ್ಮ ಎಂದು. ಪೈಲಟ್ ಆಗಬೇಕೆಂದು ಬಂದ ಹುಡುಗ ಹುಡುಗಿಯರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಇದೇ ಹೆಸರು. ಅವರಿಗೆ ಬೇಸರವಿಲ್ಲ. "ಮೊದಲು ವಿಮಾನ ತೊಳೆಯೋಳು ಅಂತಿದ್ರು. ಅದಕ್ಕಿಂತ ಇದು ವಾಸಿ. ಇದರಲ್ಲಿ ಅಮ್ಮ ಅಂತಾದ್ರೂ ಇದೆ."

ಇಂದು ಮಾತ್ರ ಅವರು ಎಂದಿಗಿಂತ ಅರ್ಧ ಗಂಟೆ ಮೊದಲೇ ಬಂದಿದ್ದಾರೆ. ಈ ವಿಮಾನವನ್ನು ಆರೂ ಮುಕ್ಕಾಲಿಗೆ ಮೇಲಕ್ಕೆ ಒಯ್ಯುವವಳು ಅವರ ಸೊಸೆ. ಒಬ್ಬಳೇ ಹೋಗಿ, ಬೇರೆ ಎರಡು ಊರುಗಳಲ್ಲಿ ಇಳಿದು, ಮಧ್ಯಾಹ್ನದೊಳಗೆ ಮರಳಬೇಕು. ಹಾಗೆ ಮರಳಿದರೆ ಅವಳ ಇನ್ನೂರು ಗಂಟೆಗಳ ಹಾರಾಟ ಪೂರ್ತಿಯಾಗುತ್ತದೆ. ತರಬೇತಿಗೆ ಸರ್ಕಾರ ಕೊಟ್ಟ ನೆರವಿನ ಗಡುವು ಹದಿನೆಂಟು ತಿಂಗಳು. ಮುಗಿಯಲು ಇನ್ನು ಒಂಬತ್ತೇ ದಿನ ಬಾಕಿ. ಮೊನ್ನೆ ಮಂಜು ಬಿದ್ದು ಹಾರಾಟ ರದ್ದಾಯಿತು. ನಿನ್ನೆಯೂ ರದ್ದಾಯಿತು, ಮಂಜು ಕರಗಿದ್ದು ಸಂಜೆಗೆ. ಇಂದು ಆಕಾಶ ತೊಳೆದಿಟ್ಟಂತಿದೆ. "ಅದನ್ನ ನಾನು ತೊಳೆದಿಲ್ಲಪ್ಪ" ಎಂದು ಹುಳದಮ್ಮ ಮೊದಲೇ ಹೇಳಿಬಿಡುತ್ತಾರೆ.

ಸೊಸೆಯನ್ನು ವಿಮಾನ ಹತ್ತಿಸಿದ ಅತ್ತೆ ಎಂಬುದೇ ಒಂದು ಸುದ್ದಿ. ಆದರೆ ಯಾವ ಶಾಲೆಯ ವಿಮಾನ ಹತ್ತಬೇಕೆಂದು ಆರಿಸಿಕೊಟ್ಟವರೂ ಇವರೇ ಎಂಬುದು ಇನ್ನೂ ದೊಡ್ಡ ಸುದ್ದಿ. ಅದೂ ಒಂದು ಬಕೆಟ್ಟು ಮತ್ತು ಇಪ್ಪತ್ತಮೂರು ಟವೆಲುಗಳ ನೆರವಿನಿಂದ.

ಹತ್ತೊಂಬತ್ತು ವರ್ಷಗಳ ಹಿಂದೆ, ಗಂಡ ತೀರಿಕೊಂಡ ಮೂರನೇ ತಿಂಗಳು, ಅವರು ಇಲ್ಲಿ ಕೆಲಸಕ್ಕೆ ಸೇರಿದರು. ಮೊದಲ ದಿನ ವಿಮಾನದ ಮುಂದಿನ ಗಾಜನ್ನು ಗುಂಡಗುಂಡಗೆ ಒರೆಸಿ ಬೈಸಿಕೊಂಡರು. ಅದು ಗಾಜಲ್ಲ, ಗಾಜಿನಂಥ ಪ್ಲಾಸ್ಟಿಕ್ಕು. ಸುತ್ತು ಹಾಕಿ ಒರೆಸಿದರೆ ಬಿಸಿಲಿಗೆ ಎದುರಾಗಿ ಇಳಿಯುವವನ ಕಣ್ಣಿಗೆ ಬರೀ ಬಳೆಬಳೆ ಗೆರೆಗಳು ಕಾಣುತ್ತವೆ. ಮೇಲಿನಿಂದ ಕೆಳಕ್ಕೆ, ನೆಟ್ಟಗೆ, ಬರಿಗೈಯಲ್ಲಿ ನೀರು ಬಿಟ್ಟು ತೊಳೆಯಬೇಕು. ಅಂದೇ ಅವರು ಬೆರಳಿನ ಉಂಗುರ ತೆಗೆದು ಡಬ್ಬಿಯಲ್ಲಿಟ್ಟರು. ಮತ್ತೆ ಹಾಕಿಲ್ಲ.

ದಿನಕ್ಕೆ ನಾಲ್ಕು ವಿಮಾನ. ಒಂದಕ್ಕೆ ಒಂದೂ ಕಾಲು ಗಂಟೆ, ಆರು ಬಕೆಟ್ಟು ನೀರು. ಹೊಟ್ಟೆಯ ಭಾಗಕ್ಕೆ ಚಕ್ರ ಹಚ್ಚಿದ ಹಲಗೆಯ ಮೇಲೆ ಅಂಗಾತ ಮಲಗಿ ಒಳಕ್ಕೆ ಜಾರಬೇಕು. ಎಂಜಿನ್ನಿನಿಂದ ಸೋರಿದ ಎಣ್ಣೆ ಅಲ್ಲಿ ಗೆರೆಗಟ್ಟಿರುತ್ತದೆ. ಒರೆಸುವಾಗ ಒಂದು ಪಾಲು ಬಟ್ಟೆಗೆ, ಒಂದು ಪಾಲು ಮುಖಕ್ಕೆ. ಚಳಿಗಾಲದಲ್ಲಿ ಬೆರಳುಗಳು ಸೆಟೆದುಕೊಳ್ಳುತ್ತವೆ. ಬಲ ಮೊಣಕೈ ಪೂರ್ತಿ ಮಡಚುವುದಿಲ್ಲ. "ಮಡಚದಿದ್ರೂ ಪರವಾಗಿಲ್ಲ, ರೆಕ್ಕೆಗೆ ಚಾಚಿದ ಕೈಯೇ ಬೇಕು" ಎಂದು ಅದಕ್ಕೂ ಒಂದು ಸಮಾಧಾನ ಕಂಡುಕೊಂಡಿದ್ದಾರೆ.

ನಿಲ್ದಾಣದಲ್ಲಿ ಮೂರು ತರಬೇತಿ ಶಾಲೆಗಳಿವೆ. ಹುಳದಮ್ಮನ ಲೆಕ್ಕದಲ್ಲಿ ಅವು ಗಾಜಿನ ಶಾಲೆ, ಬೋರ್ಡಿನ ಶಾಲೆ, ತಗಡಿನ ಶಾಲೆ. ಗಾಜಿನ ಶಾಲೆಗೆ ಗಾಜಿನ ಗೋಡೆ, ಮೆತ್ತನೆಯ ಸೋಫಾ, ಅಂಗಳದಲ್ಲಿ ಸಾಲಾಗಿ ಏಳು ವಿಮಾನ. ಬೋರ್ಡಿನ ಶಾಲೆಗೆ ರಸ್ತೆಯ ತಿರುವಿನಿಂದಲೇ ಕಾಣುವ ಬೋರ್ಡು. ತಗಡಿನ ಶಾಲೆಗೆ ತಗಡಿನ ಮಾಡು, ಮೂರು ಹಳೆಯ ವಿಮಾನ ಮತ್ತು ಒಬ್ಬ ಸಿಡುಕಿನ ಮುಖ್ಯ ತರಬೇತುದಾರ. ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಾರೆ.

ಮಕ್ಕಳನ್ನು ಪೈಲಟ್ ಮಾಡಬೇಕೆಂದು ಬರುವ ತಂದೆ ತಾಯಿ ಮೊದಲು ಕೂರುವುದು ಗಾಜಿನ ಶಾಲೆಯ ಸೋಫಾದಲ್ಲಿ. ಬಣ್ಣದ ಪುಸ್ತಿಕೆ ಕೈಗೆ ಬರುತ್ತದೆ. ವಿಮಾನ ಎಷ್ಟಿವೆ ಎಂದು ಕೇಳುತ್ತಾರೆ, ಏಳು ಎಂಬ ಉತ್ತರ ಸಿಗುತ್ತದೆ, ಕಿಟಕಿಯಿಂದ ಎಣಿಸಿದರೆ ಏಳೇ ಇವೆ. ಸುಳ್ಳೇನಿಲ್ಲ. ಆ ಏಳರಲ್ಲಿ ನಾಲ್ಕು ಯಾವಾಗ ಕೊನೆಯ ಸಲ ನೆಲ ಬಿಟ್ಟವು ಎಂಬುದು ಪುಸ್ತಿಕೆಯಲ್ಲಿಲ್ಲ. ಅದು ಗೊತ್ತಿರುವುದು ತೊಳೆಯುವವರಿಗೆ.

"ಹಾರಿದ ವಿಮಾನಕ್ಕೆ ಹುಳ ಹತ್ತಿರುತ್ತೆ. ನಿಂತ ವಿಮಾನಕ್ಕೆ ಧೂಳು" ಎನ್ನುತ್ತಾರೆ ಹುಳದಮ್ಮ, ಇದಕ್ಕಿಂತ ಸುಲಭದ ವಿದ್ಯೆ ಇಲ್ಲ ಎಂಬಂತೆ. "ಆ ನೀಲಿ ಪಟ್ಟೆಯದು ಇದೆಯಲ್ಲ, ಅದರ ಎಂಜಿನ್ ಮುಚ್ಚಳದೊಳಗೆ ಗುಬ್ಬಿ ಸಂಸಾರ ಹೂಡಿತ್ತು. ಮೂರು ಮರಿ. ನಾನು ಬಟ್ಟೆ ಹಿಡ್ಕೊಂಡು ಹೋದ್ರೆ ನನ್ನನ್ನೇ ಗದರಿಸೋದು, ಬಾಡಿಗೆಗಿದ್ದ ಹಾಗೆ. ಅದೇ ವಿಮಾನದ ಮುಂದೆ ಹುಡುಗರನ್ನ ನಿಲ್ಲಿಸಿ ಫೋಟೋ ತೆಗೀತಿದ್ರು."

ಒಬ್ಬರು ಕೇಳಿದರು, ಇವರು ಹೇಳಿದರು. ಅವರು ಇನ್ನೊಬ್ಬರಿಗೆ ಹೇಳಿದರು. ಕ್ರಮೇಣ ಹೆತ್ತವರು ಸೋಫಾದಿಂದ ಎದ್ದು, ಹಿಂದಿನ ಬಾಗಿಲಿನಿಂದ ಬಕೆಟ್ಟಿನ ಹತ್ತಿರ ಬರತೊಡಗಿದರು. ಹುಳದಮ್ಮ ಯಾರಿಗೂ ಇಂಥ ಶಾಲೆಗೆ ಸೇರಿ ಎನ್ನುತ್ತಿರಲಿಲ್ಲ. ಬೆಳಿಗ್ಗೆ ಐದಕ್ಕೆ ಬಂದು ರೆಕ್ಕೆ ನೋಡಿಕೊಳ್ಳಿ ಎನ್ನುತ್ತಿದ್ದರು. ಐದಕ್ಕೆ ಏಳಲಾಗದವರು ಪುಸ್ತಿಕೆಯನ್ನೇ ನಂಬಿದರು.

ಈ ವಿದ್ಯೆಯೂ ಒಮ್ಮೆ ಕೈಕೊಟ್ಟಿದೆ. ಅದನ್ನು ಹೇಳುವಾಗ ಅವರ ದನಿ ತಗ್ಗುತ್ತದೆ. ಬೋರ್ಡಿನ ಶಾಲೆಯ ಒಂದು ವಿಮಾನಕ್ಕೆ ಆ ವರ್ಷ ವಿಪರೀತ ಹುಳ. ದಿನಾ ಹಾರುತ್ತದೆ ಎಂದು ಒಬ್ಬ ತಾಯಿಗೆ ಹೇಳಿದರು. ಆ ತಾಯಿ ಮಗಳನ್ನು ಅಲ್ಲಿಗೇ ಸೇರಿಸಿದಳು. ವಿಮಾನ ದಿನಾ ಹಾರುತ್ತಿದ್ದುದೇನೋ ನಿಜ, ಆದರೆ ಹಾರುತ್ತಿದ್ದುದು ಪ್ರವಾಸಿಗರನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿಸಲು. ಕಲಿಯಲು ಬಂದ ಹುಡುಗಿ ಬೇಲಿಯ ಬಳಿ ನಿಂತು ಎರಡು ವರ್ಷ ನೋಡಿದಳು. ಕೊನೆಗೆ ಊರಿಗೆ ವಾಪಸಾದಳು.

"ಹಿಂದಿನ ಸೀಟಲ್ಲಿ ದಿನಾ ಬಿಸ್ಕತ್ತಿನ ಪುಡಿ ಇರ್ತಿತ್ತು. ನಾನೇ ಗುಡಿಸ್ತಿದ್ದೆ. ಕಲಿಯೋರು ಹಿಂದೆ ಕೂತು ಬಿಸ್ಕತ್ತು ತಿಂತಾರಾ? ಅಷ್ಟು ತಲೆಗೆ ಹೋಗಲಿಲ್ಲ ನಂಗೆ" ಎಂದು ಹುಳದಮ್ಮ ರೆಕ್ಕೆಯ ಕಡೆ ತಿರುಗುತ್ತಾರೆ. ಆಮೇಲೆ ಒಂದು ವರ್ಷ ಯಾರು ಕೇಳಿದರೂ ಬಾಯಿ ಬಿಡಲಿಲ್ಲ. ಆದರೆ ನೋಡುವುದನ್ನು ಬಿಡಲಿಲ್ಲ. ಹುಳದ ಜೊತೆಗೆ ಸೀಟುಗಳನ್ನೂ ಓದಲು ಕಲಿತರು. ಕಲಿಯುವವರು ಕೂರುವುದು ಮುಂದೆ ಎಡಗಡೆ, ಕಲಿಸುವವರು ಬಲಗಡೆ. ಎರಡೂ ಕಡೆ ಕಾಲಿನ ಕೆಳಗಿನ ಹಾಸು ಸಮನಾಗಿ ಸವೆದಿರಬೇಕು. ಎಡಗಡೆಯ ಹಿಡಿಕೆ ಬೆವರಿಗೆ ಜಿಗುಟಾಗಿರಬೇಕು. ಹಿಂದಿನ ಸೀಟು ಹೊಸ ಮದುವಣಗಿತ್ತಿಯ ಹಾಗೆ ಮುದುರದೆ ಇರಬೇಕು.

ಹಾಗೆ ಬಾಯಿ ಮುಚ್ಚಿಕೊಂಡಿದ್ದ ಕಾಲದಲ್ಲೇ ಮನೆಗೆ ಸೊಸೆ ಬಂದಳು. ಮಗ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವವನು. ಸೊಸೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುತ್ತಿದ್ದಳು. ಒಂದು ದಿನ ಅತ್ತೆ ಊಟದ ಡಬ್ಬಿ ಮರೆತು ಬಂದರು. ಸೊಸೆ ತಂದುಕೊಡಲು ಬಂದಳು.

"ಡಬ್ಬಿ ಕೊಡೋಕೆ ಬಂದೋಳು ಡಬ್ಬಿ ಹಿಡ್ಕೊಂಡೇ ಮೂರು ಗಂಟೆ ಬೇಲಿ ಹತ್ರ ನಿಂತಳು" ಎನ್ನುತ್ತಾರೆ ಹುಳದಮ್ಮ. "ವಿಮಾನ ಏರೋದು, ಇಳಿಯೋದು, ಏರೋದು, ಇಳಿಯೋದು. ಇವಳ ಕತ್ತೂ ಹಂಗೇ. ನಾನು ಈ ಕಡೆ ಹಸ್ಕೊಂಡು ಬಿದ್ದಿದ್ದೀನಿ. ಅವತ್ತೇ ಅಂದ್ಕೊಂಡೆ, ಇದು ಊಟಕ್ಕೆ ಮುಗಿಯೋ ಕತೆ ಅಲ್ಲ."

ಭೌತಶಾಸ್ತ್ರ, ಗಣಿತ ಓದಿದ್ದಳು. ಪರೀಕ್ಷೆ ಬರೆದಳು. ಎರಡನೇ ಸಲಕ್ಕೆ ತರಬೇತಿ ನೆರವು ಸಿಕ್ಕಿತು. ಷರತ್ತು ಬಿಗಿಯಾಗಿತ್ತು: ಹದಿನೈದು ದಿನದೊಳಗೆ ಶಾಲೆ ಆರಿಸಬೇಕು, ಆರಿಸಿದ ಮೇಲೆ ಬದಲಿಸುವಂತಿಲ್ಲ, ಹದಿನೆಂಟು ತಿಂಗಳಲ್ಲಿ ಇನ್ನೂರು ಗಂಟೆ ಮುಗಿಯದಿದ್ದರೆ ನೆರವು ರದ್ದು. ಮತ್ತೆ ಅರ್ಜಿ ಹಾಕೋಣವೆಂದರೆ ಮೂವತ್ತು ದಾಟುವಂತಿಲ್ಲ. ಸೊಸೆಗೆ ಆಗ ಇಪ್ಪತ್ತೊಂಬತ್ತು. ಇರುವುದು ಒಂದೇ ಅವಕಾಶ, ಅದೂ ಒಂದೇ ಶಾಲೆಯಲ್ಲಿ.

ಸೊಸೆ ಹಾಳೆಯ ಮೇಲೆ ಗೆರೆ ಎಳೆದು, ಚೌಕಗಳನ್ನು ಮಾಡಿ ಮೂರು ಶಾಲೆಗಳನ್ನು ಹೋಲಿಸಿದಳು. ಗಾಜಿನ ಶಾಲೆ ಎಲ್ಲದರಲ್ಲೂ ಮುಂದಿತ್ತು. ಹಾಳೆಯನ್ನು ಅತ್ತೆಗೆ ತೋರಿಸಿದಳು.

"ಅಕ್ಷರ ಚೆನ್ನಾಗಿದೆ" ಎಂದರಂತೆ ಅತ್ತೆ. "ನಾಳೆ ನಾಲ್ಕೂವರೆಗೆ ಎದ್ದೇಳು. ಹತ್ತು ದಿನ ನನ್ನ ಜೊತೆ ತೊಳಿ. ಆಮೇಲೆ ಎಲ್ಲಿ ಬೇಕಾದ್ರೂ ಸೇರ್ಕೋ, ನಾನು ತುಟಿ ಬಿಚ್ಚಲ್ಲ."

ಮೊದಲ ದಿನ ಸೊಸೆ ಬಟ್ಟೆ ಹಿಡಿದು ಮುಂದಿನ ಗಾಜಿಗೆ ಕೈ ಹಾಕಿದಳು. "ಗಾಜು ಒರೆಸೋದು ನಂಗೆ ಗೊತ್ತು ಅತ್ತೆ, ಆರು ವರ್ಷ ಕನ್ನಡಕದ ಅಂಗಡೀಲಿ ಇದ್ದೋಳು ನಾನು" ಎನ್ನುತ್ತ ಗುಂಡಗೆ ಒಂದು ಸುತ್ತು ಹಾಕಿಯೂಬಿಟ್ಟಳು. ಅತ್ತೆ ಅವಳ ಮಣಿಕಟ್ಟು ಹಿಡಿದುಕೊಂಡರು. "ಹತ್ತೊಂಬತ್ತು ವರ್ಷದ ಹಿಂದೆ ನಾನು ಬೈಸಿಕೊಂಡ ಮಾತೆಲ್ಲ ಅವತ್ತು ಅವಳಿಗೆ ದಾಟಿಸಿದೆ. ಆಸ್ತಿ ಅಂತ ನನ್ನ ಹತ್ರ ಇನ್ನೇನಿದೆ?"

ಹತ್ತು ದಿನ ಅತ್ತೆ ಸೊಸೆ ಇಬ್ಬರೂ ತೊಳೆದರು. ಗಾಜಿನ ಶಾಲೆಯ ನಾಲ್ಕು ವಿಮಾನಗಳ ರೆಕ್ಕೆಯಂಚಿನಲ್ಲಿ ಹತ್ತೂ ದಿನ ಒಂದೂ ಹುಳವಿಲ್ಲ. ಇನ್ನೆರಡರ ಬಾಲದ ಸಂದಿನಲ್ಲಿ ಜೇಡ ಬಲೆ ಕಟ್ಟಿತ್ತು. ಏಳಕ್ಕೆ ಒಂದು ಹಾರುತ್ತಿತ್ತು. ತಗಡಿನ ಶಾಲೆಯ ವಿಮಾನಗಳ ಬಣ್ಣ ಮಾಸಿತ್ತು. ಆದರೆ ಹುಳ ತೆಗೆದು ತೆಗೆದು ಸೊಸೆಯ ಭುಜ ನೋವು ಬಂತು. "ಅತ್ತೆ, ಇವರು ಕಾಡಿನೊಳಗೇ ಹಾರಿಸ್ತಾರಾ ಹೇಗೆ?" ಎಂದು ಕೇಳಿದಳು. ಅತ್ತೆ ಇನ್ನೊಂದು ಟವೆಲು ಹಿಂಡಿ ಕೊಟ್ಟರು. ತುಟಿ ಬಿಚ್ಚುವುದಿಲ್ಲ ಎಂದು ಮೊದಲೇ ಹೇಳಿದ್ದರಲ್ಲ.

ಕೊನೆಯ ದಿನ ಒಂದು ಪ್ರಶ್ನೆಯನ್ನು ಮಾತ್ರ ಹೇಳಿಕೊಟ್ಟರು. ನಿಮ್ಮಲ್ಲಿ ಎಷ್ಟು ವಿಮಾನ ಇವೆ ಎಂದು ಕೇಳಬೇಡ. ಇವತ್ತು ಯಾವುದು ಹಾರಲ್ಲ, ಯಾಕೆ ಅಂತ ಕೇಳು. ಗಾಜಿನ ಶಾಲೆಯ ಮ್ಯಾನೇಜರು, "ಹಾಗೇನಿಲ್ಲ ಮೇಡಂ, ಎಲ್ಲವೂ ಯಾವಾಗಲೂ ಸಿದ್ಧ" ಎಂದು ಕಾಫಿ ತರಿಸಿದರು. ಮೇಷ್ಟ್ರು ಎಣ್ಣೆ ಕೈಯಲ್ಲೇ ತಿರುಗಿ ನೋಡಿದರು.

"ಮೂರನೇದು ಹಾರಲ್ಲ. ಎಂಜಿನ್ ಬಿಚ್ಚಿಟ್ಟಿದ್ದೀನಿ, ಆರು ವಾರ ಆಗುತ್ತೆ. ಎರಡನೇದು ಮಧ್ಯಾಹ್ನದ ಮೇಲೆ, ಟೈರು ಬದಲಾಯಿಸ್ಬೇಕು. ಸೇರಿದ್ರೆ ಸರದೀಲಿ ನಿಲ್ಲಬೇಕು. ನಾನು ಬೈತೀನಿ. ಯೋಚನೆ ಮಾಡಿ ಬಾ."

ಸೊಸೆ ಅಲ್ಲೇ ಅರ್ಜಿ ತುಂಬಿದಳು.

ಇದಕ್ಕೆ ಬೆಲೆ ತೆತ್ತವರು ಅತ್ತೆ. ಗಾಜಿನ ಶಾಲೆಯ ಮ್ಯಾನೇಜರು ಕರೆದು, "ನಿಮ್ಮನ್ನ ಇಟ್ಕೊಂಡಿರೋದು ತೊಳೆಯೋಕೆ, ಭವಿಷ್ಯ ಹೇಳೋಕಲ್ಲ" ಎಂದರು. "ನಾನೆಲ್ಲಿ ಹೇಳಿದೆ ಸಾರ್, ಅವಳೂ ತೊಳೆದಳು ಅಷ್ಟೆ" ಎಂದರು ಇವರು. ಆ ಶಾಲೆಯ ಕೆಲಸ ಹೋಯಿತು. ಬದಲಿಗೆ ಬಂದ ಇಬ್ಬರು ಚುರುಕಿನ ಯುವಕರು ಯಂತ್ರದಿಂದ ನೀರು ಚಿಮ್ಮಿಸಿ, ಗುಂಡಗುಂಡಗೆ ಉಜ್ಜಿ, ನಾಲ್ಕೇ ತಿಂಗಳಲ್ಲಿ ಮೂರು ವಿಮಾನಗಳ ಮುಂದಿನ ಗಾಜನ್ನು ಮಬ್ಬು ಮಾಡಿದರು. ಮ್ಯಾನೇಜರೇ ಬಕೆಟ್ಟಿನವರೆಗೆ ನಡೆದು ಬಂದರು. ಹುಳದಮ್ಮ ಈಗ ಮತ್ತೆ ಅಲ್ಲಿಯೂ ತೊಳೆಯುತ್ತಾರೆ. "ಒಂದು ಮಾತು ಹೇಳಿಯೇ ಒಪ್ಕೊಂಡೆ. ಯಾರಾದ್ರೂ ಕೇಳಿದ್ರೆ ಹುಳ ಇದ್ರೆ ಇದೆ ಅಂತೀನಿ, ಇಲ್ದಿದ್ರೆ ಇಲ್ಲ ಅಂತೀನಿ. ಹೂಂ ಅಂದ್ರು." ಆ ಮೇಲೆ ಶಾಲೆಯವರು ಗುಬ್ಬಿಗಳನ್ನು ಎಬ್ಬಿಸಿ ಎರಡು ವಿಮಾನಗಳನ್ನು ರಿಪೇರಿ ಮಾಡಿಸಿದ್ದಾರೆ ಎಂಬುದನ್ನೂ ಅವರು ಸೇರಿಸುತ್ತಾರೆ. ಅನ್ಯಾಯವಾಗಿ ಮಾತಾಡಬಾರದಲ್ಲ.

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಏಳನೇ ತಿಂಗಳಲ್ಲಿ ತಗಡಿನ ಶಾಲೆಯ ಮೂರೂ ವಿಮಾನಗಳು ಒಟ್ಟಿಗೇ ಕೆಟ್ಟವು. ಇಪ್ಪತ್ತಮೂರು ದಿನ ಸೊಸೆ ನೆಲದ ಮೇಲೆ. ಮನೆಯಲ್ಲಿ ಮಾತು ಕಡಿಮೆಯಾಯಿತು. ಮಗ ಊಟಕ್ಕೆ ಕೂತಾಗ, "ನನ್ನ ಲಿಫ್ಟಾದ್ರೆ ಎರಡು ಗಂಟೇಲಿ ಸರಿ ಮಾಡ್ತೀನಿ. ಅದಕ್ಕೆ ಹಗ್ಗ ಇರುತ್ತಮ್ಮ" ಎಂದು ನಗಿಸಲು ನೋಡಿದ. ಯಾರೂ ನಗಲಿಲ್ಲ. ಬೇಲಿಯ ಬಳಿ ನಿಂತಿದ್ದ ಆ ಹಳೆಯ ಹುಡುಗಿಯ ಮುಖ ಹುಳದಮ್ಮನ ಕಣ್ಣ ಮುಂದೆ ಬಂದು ಬಂದು ಹೋಯಿತು. ತಾನು ಎರಡನೇ ಸಲ ತಪ್ಪಿದೆನೇ? ಇಪ್ಪತ್ತಮೂರು ದಿನವೂ ಅವರು ಹಾರದ ಆ ವಿಮಾನಗಳನ್ನು ತೊಳೆದರು. ಇಪ್ಪತ್ತನಾಲ್ಕನೇ ದಿನ ಮೇಷ್ಟ್ರು ಒಂದನ್ನು ಸಿದ್ಧಪಡಿಸಿ, ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಸರದಿಯಲ್ಲಿ ಎಲ್ಲರನ್ನೂ ಹಾರಿಸತೊಡಗಿದರು. ಬೈಗುಳಕ್ಕೂ ಬಿಡುವಿರಲಿಲ್ಲ.

ಸೊಸೆ ಮೊದಲ ಸಲ ಒಬ್ಬಳೇ ಹಾರಿ ಇಳಿದದ್ದು ಅದಕ್ಕೂ ಮುಂಚಿನ ಮಾತು. ಹಾಗೆ ಇಳಿದವರ ತಲೆಗೆ ಬಕೆಟ್ಟು ನೀರು ಸುರಿಯುವುದು ವಿಮಾನದವರ ರೂಢಿ. ಬಕೆಟ್ಟು ಹುಳದಮ್ಮನದೇ, ಕೈಯೂ ಅವರದೇ. "ಸೊಸೆ ತಲೆ ಮೇಲೆ ತಣ್ಣೀರು ಸುರಿದು ಚಪ್ಪಾಳೆ ಗಿಟ್ಟಿಸಿಕೊಂಡ ಅತ್ತೆ ಲೋಕದಲ್ಲಿ ನಾನೊಬ್ಬಳೇ ಇರಬೇಕು" ಎಂದು ಅವರು ಈಗಲೂ ಕಣ್ಣು ಮಿಟುಕಿಸುತ್ತಾರೆ.

ಆರೂ ನಲವತ್ತು. ಟವೆಲುಗಳನ್ನು ತೆಗೆದಾಗಿದೆ. ರೆಕ್ಕೆಯಂಚು ಈಗ ತಟ್ಟೆಯ ಹಾಗೆ ಹೊಳೆಯುತ್ತದೆ. ಬಿಳಿ ಅಂಗಿ ತೊಟ್ಟ ಸೊಸೆ ವಿಮಾನವನ್ನು ಒಂದು ಸುತ್ತು ಬಂದು, ಪ್ರತಿ ತಿರುಪನ್ನೂ ಮುಟ್ಟಿ ನೋಡಿ, ಕೊನೆಗೆ ಅತ್ತೆಯ ಎದುರು ನಿಲ್ಲುತ್ತಾಳೆ.

"ಹೋಗಿ ಬರ್ತೀನಿ ಅತ್ತೆ."

"ಗಾಜಿಗೆ ಬೆರಳು ಹಚ್ಚಬೇಡ" ಎನ್ನುತ್ತಾರೆ ಅತ್ತೆ. ಅಷ್ಟೇ ಆಶೀರ್ವಾದ.

ವಿಮಾನ ರನ್‌ವೇಯ ಕೊನೆಗೆ ಹೋಗಿ, ತಿರುಗಿ, ಓಡಿ, ಏರಿ, ಚುಕ್ಕೆಯಾಗುತ್ತದೆ. ಹುಳದಮ್ಮ ಮುಂದಿನ ವಿಮಾನಕ್ಕೆ ಟವೆಲು ಹಿಂಡುತ್ತಾರೆ. ಹನ್ನೊಂದೂವರೆಗೆ ಮರಳಬೇಕಾದವಳು ಹನ್ನೆರಡಕ್ಕೂ ಬರುವುದಿಲ್ಲ. ಮಗ ಲಿಫ್ಟಿನ ಹತಾರಗಳ ಚೀಲ ಹೆಗಲಿಗೇರಿಸಿಕೊಂಡೇ ಬಂದು ನಿಂತಿದ್ದಾನೆ. ಮೇಷ್ಟ್ರು ಈಗಾಗಲೇ ಚೂಪಾಗಿರುವ ಪೆನ್ಸಿಲ್ಲನ್ನು ಮತ್ತೆ ಚೂಪು ಮಾಡುತ್ತಾರೆ. ಹುಳದಮ್ಮ ಒಂದೇ ವಿಮಾನದ ಒಂದೇ ಬಾಗಿಲನ್ನು ಮೂರನೇ ಸಲ ಒರೆಸುತ್ತಿದ್ದಾರೆ.

ಹನ್ನೆರಡೂ ಇಪ್ಪತ್ತಕ್ಕೆ ಬಿಳಿ ಚುಕ್ಕೆಯೊಂದು ನೀರಿನ ಟ್ಯಾಂಕಿನ ಮೇಲೆ ಕಾಣಿಸಿಕೊಳ್ಳುತ್ತದೆ. ದೊಡ್ಡದಾಗುತ್ತದೆ. ಚಕ್ರಗಳು ನೆಲ ಮುಟ್ಟಿ, ಒಂದು ಪುಟ್ಟ ಕುಪ್ಪಳಿಕೆ ಹಾಕಿ, ಮತ್ತೆ ಮುಟ್ಟುತ್ತವೆ. "ಇನ್ನೂರನೇ ಗಂಟೇಲೂ ಕುಪ್ಪಳಿಸ್ತಾಳೆ" ಎಂದು ಮೇಷ್ಟ್ರು ಸಿಡುಕುತ್ತಾರೆ; ಕರ್ಚೀಪು ಮಾತ್ರ ಕಣ್ಣಿಗೆ ಹೋಗುತ್ತದೆ. ಎರಡನೇ ಊರಿನಲ್ಲಿ ಇಂಧನದ ಗಾಡಿಗೆ ಕಾಯಬೇಕಾಯಿತಂತೆ, ಅದಕ್ಕೆ ತಡ. ಲಾಗ್ ಪುಸ್ತಕದಲ್ಲಿ ಮೇಷ್ಟ್ರು ಒತ್ತಿ ಬರೆಯುತ್ತಾರೆ: ಒಟ್ಟು ಇನ್ನೂರು ಗಂಟೆ ಇಪ್ಪತ್ತೈದು ನಿಮಿಷ. ಅದೇ ನೆರವು ಪಡೆದು ಗಾಜಿನ ಶಾಲೆ ಸೇರಿದ ಮೂವರಲ್ಲಿ ಮುಂದಿರುವವನದು ಇನ್ನೂ ತೊಂಬತ್ತು.

ಮಗ ಹೆಂಡತಿಯ ಕಡೆ ಓಡುತ್ತಾನೆ. ಸಹಪಾಠಿಗಳು ಚಪ್ಪಾಳೆ ತಟ್ಟುತ್ತಾರೆ. ಹುಳದಮ್ಮ ಹೋಗುವುದು ರೆಕ್ಕೆಯ ಕಡೆ. ಅಂಚಿನ ಉದ್ದಕ್ಕೂ ಬಗ್ಗಿ ನೋಡುತ್ತ ಹೋದವರು ಒಂದೆಡೆ ನಿಲ್ಲುತ್ತಾರೆ. ಅಲ್ಲಿ ನವಿಲು ಬಣ್ಣದ, ಉಗುರಿನಗಲದ ಹುಳವೊಂದು ಅಂಟಿದೆ.

"ಇದು ಇಲ್ಲೀದಲ್ಲ ಕಣೆ. ಇಷ್ಟು ವರ್ಷ ಒರೆಸಿದ್ದೀನಿ, ಈ ಬಣ್ಣದ್ದು ಒಂದೂ ನೋಡಿಲ್ಲ."

"ಎರಡು ಊರು ಸುತ್ತಿ ನಿಮಗೆ ಅಂತ ತಂದೆ ಅತ್ತೆ. ಸೀರೆ ಅಂಗಡಿ ಬಾಗಿಲು ಹಾಕಿತ್ತು."

ಹುಳದಮ್ಮ ಜೋರಾಗಿ ನಗುತ್ತಾರೆ. ಬೆಳಗಿನಿಂದ ಇದೇ ಮೊದಲು. ಟವೆಲನ್ನು ಕೈಯಲ್ಲಿ ಹಿಡಿದವರು ಅದನ್ನು ರೆಕ್ಕೆಗೆ ಹಾಕದೆ ಹೆಗಲಿಗೆ ಹಾಕಿಕೊಳ್ಳುತ್ತಾರೆ. ಸಂಜೆಯವರೆಗೆ ಆ ರೆಕ್ಕೆ ತೊಳೆಯುವುದಿಲ್ಲವಂತೆ. ನೋಡುವವರು ಬಂದು ನೋಡಿಕೊಂಡು ಹೋಗಲಿ.

ಇಷ್ಟು ವರ್ಷದಲ್ಲಿ ಅವರು ಒಮ್ಮೆಯೂ ಮೇಲೆ ಹೋಗಿಲ್ಲ. ಆಸೆ ಇಲ್ಲವೇ ಎಂದರೆ, ಬಕೆಟ್ಟು ಮಗುಚಿ ಕುಳಿತುಕೊಳ್ಳುತ್ತಾರೆ.

"ಇದೆ. ಇವಳ ಕೈಗೆ ಲೈಸೆನ್ಸ್ ಬರ್ಲಿ. ಒಂದು ಸಲ ಹಿಂದಿನ ಸೀಟಲ್ಲಿ ಕಾಲು ಚಾಚಿ ಕೂತ್ಕೋಬೇಕು. ಒಂದು ದೊಡ್ಡ ಪೊಟ್ಟಣ ಬಿಸ್ಕತ್ತು ತಗೊಂಡು ಹೋಗ್ತೀನಿ. ಪುಡಿ ಎಲ್ಲಿ ಬೇಕಾದ್ರೂ ಉದುರ್ಲಿ, ನಾನು ನೋಡಲ್ಲ. ಅವತ್ತೊಂದು ದಿನ ಒರೆಸೋದು ಸೊಸೆ."